ಹೊಸ ಹಾಡು, ಹಳೆಯ ಕಿವಿ

ಜಪಾನಿನ ಪಾಪ್ ಸಂಗೀತದಲ್ಲಿ ಸಿ.ಡಿ. ‘ಸಿಂಗಲ್’ ಎಂದರೆ ಸಾಮಾನ್ಯವಾಗಿ ಒಂದೇ ಹಾಡಲ್ಲ. ಮುಖ್ಯಗೀತೆ, ಅದರ ಬೆನ್ನಿಗೊಂದು ಜೊತೆಗೀತೆ, ಕೊನೆಯಲ್ಲಿ ಕೇಳುಗನು ತಾನೇ ಹಾಡಿಕೊಳ್ಳಲೆಂದು ಕಂಠವನ್ನು ತೆಗೆದು ವಾದ್ಯವನ್ನಷ್ಟೇ ಉಳಿಸಿದ ಪಾಠ. 1988ರಲ್ಲಿ ಅಲ್ಲಿ ಬಂದ 8 ಸೆಂಟಿಮೀಟರಿನ ಪುಟ್ಟ ಸಿ.ಡಿ.ಗೆ ಉದ್ದನೆಯ ಕಾಗದದ ಹೊದಿಕೆಯಿತ್ತು. ಪದ್ಯ ಬರೆಯುವ ಕಾಗದದ ಪಟ್ಟಿಯಾದ ‘ತಾನ್ಝಾಕು’ವಿನ ಹೆಸರೇ ಅದಕ್ಕೂ ಅಂಟಿತು.

ಬಹುಕಾಲದಿಂದ ಮೆಚ್ಚಿದ ಗಾಯಕಿಯೊಬ್ಬಳ ಹೊಸ ಸಿಂಗಲ್ಲಿನ ಮುಖ್ಯಗೀತೆಯನ್ನು ಮೊನ್ನೆ ಇರುಳು ಮೂರು ಬಾರಿ ಕೇಳಿ, ಕಂಠದಲ್ಲಿ ಕುಂದಿಲ್ಲದಿದ್ದರೂ ಪಲ್ಲವಿ ಮರಳಿದಾಗಲೆಲ್ಲ ಮನಸ್ಸು ಮಾತ್ರ ಮರಳದಿರುವುದನ್ನು ಕಂಡು ಖಿನ್ನನಾದೆನು. ವಾದ್ಯವಷ್ಟೇ ಇದ್ದ ಪಾಠವು ಹೆಚ್ಚು ಹಿತವೆನಿಸಿದುದು, ಒಪ್ಪಿಕೊಳ್ಳಲು ನಾಚಿಕೆಯಾಗುವ ಸಂಗತಿ. ಕೆಟ್ಟದ್ದು ಹಾಡೋ, ನನ್ನ ನಿರೀಕ್ಷೆಯೋ? ಬೌದ್ಧರು ದುಃಖವನ್ನು ಮೂರು ಬಗೆಯಾಗಿ ವಿಂಗಡಿಸಿ, ಸುಖವಾಗಿದ್ದುದು ಮಾರ್ಪಡುವುದರಿಂದ ಹುಟ್ಟುವುದನ್ನು ವಿಪರಿಣಾಮದುಃಖವೆಂದು ಕರೆದರು; ಆದರೆ ಅವರ ದೃಷ್ಟಿಯಲ್ಲಿ ಹಾಡಿನಂತೆ ಕೇಳುವ ಕಿವಿಯೂ ಅನಿತ್ಯವೇ.

ಜಪಾನಿನ ನೋ ನಾಟಕದ ಆಚಾರ್ಯನಾದ ಝೆಆಮಿಯು 15ನೆಯ ಶತಮಾನದ ಮೊದಲಲ್ಲಿ ರಚಿಸಿದ ‘ಫೂಶಿಕಾದೆನ್’ ಗ್ರಂಥದಲ್ಲಿ, ಹೂವು ಉದುರಿ ಋತು ಬಂದಾಗ ಹೊಸದಾಗಿ ಅರಳುವುದರಿಂದಲೇ ಮನೋಹರವೆಂದು ಪ್ರತಿಪಾದಿಸಿ, ತಾರುಣ್ಯದ ಹೂವನ್ನು ನಿಜವಾದ ಹೂವೆಂದು ಭ್ರಮಿಸಬಾರದೆಂದು ನಟನನ್ನು ಎಚ್ಚರಿಸಿದ್ದಾನೆ. ಆ ಎಚ್ಚರಿಕೆ ಕೇಳುಗನ ತಾರುಣ್ಯಕ್ಕೂ ಸಲ್ಲುವುದೆಂದು ನನ್ನೆಣಿಕೆ; ಹಾಗೆಂದು ಈ ಹಾಡು ಸಪ್ಪೆಯಲ್ಲವೆನ್ನಲಾರೆ, ವೈರಾಗ್ಯದ ನೆಪದಲ್ಲಿ ವಿಮರ್ಶೆಯನ್ನು ಬಿಡುವುದು ಬರಿಯ ಸೋಮಾರಿತನ. ಜೊತೆಗೀತೆಯನ್ನು ಮಾತ್ರ ಇನ್ನೂ ಕೇಳಿಲ್ಲ.