ಗೂಡಿನಲ್ಲಿ ಬಿಟ್ಟ ಒಂದು ಮೊಟ್ಟೆ

ನಮ್ಮ ಮಸಿನಗುಡಿ ಕಡೆ ನಾಟಿ ಕೋಳಿ ಸಾಕುವವರೆಲ್ಲ ಬಲ್ಲ ಒಂದು ಉಪಾಯವಿದೆ. ಹ್ಯಾಟೆ ಮೊಟ್ಟೆ ಇಟ್ಟು, ಕೂಗುತ್ತಾ ಎದ್ದು ಹೋದ ಮೇಲೆ ಕುಕ್ಕೆಗೆ ಕೈ ಹಾಕುತ್ತೇವೆ. ಆದರೆ ಇದ್ದದ್ದನ್ನೆಲ್ಲ ತೆಗೆಯುವುದಿಲ್ಲ, ಒಂದನ್ನು ಬಿಡುತ್ತೇವೆ. ಗೂಡು ಬರಿದಾದರೆ ಕೋಳಿ ಬೇರೆ ಜಾಗ ಹುಡುಕುತ್ತೆ. ಒಂದಿದ್ದರೆ ಇಲ್ಲಿ ಕ್ಷೇಮ ಅಂದ್ಕೊಂಡು ನಾಳೆಯೂ ಅಲ್ಲೇ ಇಡುತ್ತೆ. ಮೊಟ್ಟೆಯ ಬದಲು ಬೆಳ್ಳನೆ ಗುಂಡುಕಲ್ಲು ಇಡುವವರೂ ಉಂಟು.

ಆ ಒಂದು ಮೊಟ್ಟೆ ಕೋಳಿಗೆ ನಾವು ಮಾಡುವ ಮೋಸವೋ, ಕೊಡುವ ಮಾತೋ? ಕೋಳಿಯ ವಿಷಯಕ್ಕೆ ಇಷ್ಟೊಂದು ಯೋಚನೆ ಯಾಕೆ ಅಂತ ನಗಬೇಡಿ. ನನಗೆ ಈ ಪ್ರಶ್ನೆ ಹುಟ್ಟಿದ್ದು ನಾನೇ ಮಾಡಿದ ಒಂದು ತಪ್ಪಿನಿಂದ.

ಮುದುಮಲೆ ಕಾಡಿನ ಬೂದು ಕಾಡುಕೋಳಿ ನೆಲದ ತಗ್ಗಿನಲ್ಲಿ, ತರಗೆಲೆಯ ಮೇಲೆ ನಾಲ್ಕರಿಂದ ಏಳು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತೆ. ನಮ್ಮ ಊರಕೋಳಿಗಳ ಮೂಲ ಕೆಂಪು ಕಾಡುಕೋಳಿ. ಆದರೆ ಅವುಗಳಿಗೆ ಹಳದಿ ಚರ್ಮದ ಗುಣ ಬಂದದ್ದು ಈ ಬೂದು ಕೋಳಿಯ ಕಡೆಯಿಂದ ಅಂತ 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ಹಿತ್ತಲಿನ ಹ್ಯಾಟೆಗೂ ಕಾಡಿಗೂ ನಂಟು ಇನ್ನೂ ಕಡಿದಿಲ್ಲ. ಹನ್ನೆರಡು ಹದಿನೈದು ಮೊಟ್ಟೆ ಆದ ಮೇಲೆ ಅದಕ್ಕೂ ಕಾವು ಏರುತ್ತೆ, ಇಡುವುದನ್ನು ನಿಲ್ಲಿಸಿ ಕೂರುತ್ತೆ. ಅದು ಗೂಡು ತುಂಬಲಿ ಅಂತ ಇಡುತ್ತೆ, ನಾವು ತುಂಬೋಕೆ ಬಿಡೋದಿಲ್ಲ.

ನಮ್ಮ ಮನೇಲಿ ಒಂದು ಕೆಂದು ಹ್ಯಾಟೆ ಇತ್ತು. ಪ್ರವಾಸಿಗರು ಬರುವ ಊರು, ನಾಟಿ ಮೊಟ್ಟೆಗೆ ಒಳ್ಳೆ ಬೆಲೆ. ದಿನಾ ತೆಗೆದು ಮಾರಿದೆ. ಅದು ಕಾವಿಗೆ ಕೂತು, ಕೈ ಹಾಕಿದರೆ ಪುಕ್ಕ ಕೆದರಿ ಕುಕ್ಕುತ್ತಿದ್ದಾಗ ಎತ್ತಿ ತಣ್ಣೀರಲ್ಲಿ ಅದ್ದಿದೆ. ಯಾರೋ ಹೇಳಿದರು ಅಂತ ಮೂಗಿನ ಹೊಳ್ಳೆಗೆ ಪುಕ್ಕ ತೂರಿಸಿದೆ. ಕಾವು ಇಳೀತು. ಆಮೇಲೆ ಮತ್ತೆ ಮೊಟ್ಟೆಗೆ ಬಂತು, ಆದರೆ ಕುಕ್ಕೆಗೆ ಬರಲಿಲ್ಲ. ಒಂದು ಬೆಳಗ್ಗೆ ಮನೆ ಹಿಂದಿನ ಲಂಟಾನ ಪೊದೆಯಲ್ಲಿ ಅದರ ಗೂಡು ಸಿಕ್ಕಿತು. ಒಡೆದ ಚಿಪ್ಪು, ಸುತ್ತ ಕೆಂಪು ಪುಕ್ಕ. ಕಾಡುಬೆಕ್ಕೋ ಮುಂಗುಸಿಯೋ, ರಾತ್ರಿ ಬಂದು ಮುಗಿಸಿತ್ತು.

ಅಮ್ಮ ಬೈಯಲಿಲ್ಲ. “ಮನೇಲಿ ಗೂಡಿತ್ತು, ನಂಬಿಕೆ ಇರಲಿಲ್ಲ” ಅಂದರು ಅಷ್ಟೆ.

ಈ ಮಾತನ್ನು ಶಿಕ್ಷಕ ಮಿತ್ರರೊಬ್ಬರಿಗೆ ಹೇಳಿದಾಗ ಅವರು ಕೇಳಿದರು: “ಕೊನೆಗೆ ಸಾರಿಗೆ ಬೀಳೋ ಕೋಳಿಗೆ ಎಂಥ ನ್ಯಾಯ ಮಾರಾಯ್ರೆ?” ಪ್ರಶ್ನೆ ಸರಿಯಾಗೇ ಇದೆ. ನಾನು ಕೋಳಿ ತಿನ್ನುವವನೇ. ಆದರೆ ಕೊನೆ ನಮ್ಮ ಕೈಲಿದೆ ಅಂತ ನಡುವಿನದೆಲ್ಲ ನಮ್ಮದಾಗುತ್ತಾ? ಎದುರಿಗೆ ನಿಂತು ಕೇಳಲಾರದವರ ಪಾಲನ್ನು ಅಳೆಯುವಾಗಲೇ ಅಳೆಯುವವನ ಕೈ ಎಂಥದ್ದು ಅಂತ ಗೊತ್ತಾಗೋದು. ಗೊತ್ತಾಗದವರಿಗೆ ಮಾಡಿದ್ದು ಮೋಸವಲ್ಲ ಅಂದರೆ, ಓದು ಬಾರದವನ ಕೂಲಿ ಲೆಕ್ಕದಲ್ಲಿ ಕಳೆಯುವುದೂ ಮೋಸವಾಗಲಿಕ್ಕಿಲ್ಲ.

ನಾಮಕ್ಕಲ್ ಕಡೆಯ ಫಾರಂಗಳ ಬಿಳಿ ಲೆಗಾರ್ನ್ ಕೋಳಿ ವರ್ಷಕ್ಕೆ 300ರ ಹತ್ತಿರ ಮೊಟ್ಟೆ ಇಡುತ್ತೆ. ಕಾವು ಕೂರುವ ಗುಣವನ್ನೇ ತಳಿಯಿಂದ ತೆಗೆದುಬಿಟ್ಟಿದ್ದಾರೆ, ಮರಿ ಮಾಡೋದು ಯಂತ್ರ. ಮಕ್ಕಳ ಮಧ್ಯಾಹ್ನದ ಊಟಕ್ಕೆ ಮೊಟ್ಟೆ ಬೇಕಲ್ಲ, ಅದನ್ನು ಹಳಿಯಲು ನನಗೆ ಬಾಯಿಲ್ಲ. ನಮ್ಮ ಹಿತ್ತಲಿನದು 50-60 ಇಟ್ಟರೆ ಹೆಚ್ಚು. ಆದರೆ ಅದಕ್ಕೆ ಬಾಗಿಲು ತೆರೆದಿದೆ. ಕುಕ್ಕೆಗೆ ಬಂದರೆ ಒಪ್ಪಿಗೆ, ಪೊದೆಗೆ ಹೋದರೆ ದೂರು. ಕೋಳಿಯ ಮಾತು ಇಷ್ಟೇ, ಕೇಳಿಸಿಕೊಳ್ಳಬೇಕು.

ಅಂದಿನಿಂದ ನಮ್ಮ ಮನೇಲಿ ಒಂದು ಕಟ್ಟಳೆ. ಮೊದಲ ಆರೇಳು ಮೊಟ್ಟೆ ನಮ್ಮದು, ಆಮೇಲಿನವು ಕೋಳಿಯದು. ಗೂಡಿನಲ್ಲಿ ಬಿಡುವ ಮೊಟ್ಟೆಗೆ ಪೆನ್ಸಿಲಿನಲ್ಲಿ ಗುರುತು ಹಾಕ್ತೇವೆ. ಅದು ಹಳೆಯದಾಗುತ್ತೆ, ಕಾವಿಗೆ ಇಡುವ ದಿನ ತೆಗೆದುಬಿಡಬೇಕು. ಕಾವಿಗೆ ಇಡೋದು ಒಂದು ವಾರದೊಳಗಿನವು ಮಾತ್ರ. ಕುಕ್ಕೆ ಮಬ್ಬುಗತ್ತಲ ಮೂಲೆಯಲ್ಲಿ, ನಾಯಿ ಬೆಕ್ಕಿಗೆ ಎಟುಕದ ಹಾಗೆ. ಒಳಗೆ ಒಣ ಹುಲ್ಲು, ಹೇನಿಗೆ ಒಂದು ಹಿಡಿ ಬೂದಿ. ಊಟಿಯ ಚಳಿಯಲ್ಲಾದರೆ ಹುಲ್ಲು ಇನ್ನೂ ದಪ್ಪಗೆ ಬೇಕು. ಏಳನೇ ದಿನ ರಾತ್ರಿ ಟಾರ್ಚಿಗೆ ಹಿಡಿದು ನೋಡಿದರೆ ಜೀವ ಕಟ್ಟಿದ ಮೊಟ್ಟೆಯಲ್ಲಿ ಕೆಂಪು ನರ ಕಾಣುತ್ತೆ; ಕಾಣದ್ದನ್ನು ತೆಗೀಬೇಕು. ದಿನಕ್ಕೊಮ್ಮೆ ಎದ್ದಾಗ ಕಾಳು, ನೀರು ಹತ್ತಿರದಲ್ಲೇ ಇರಲಿ. ಕೊನೆಯ ಮೂರು ದಿನ ಕೈ ಹಾಕಬೇಡಿ. 21ನೇ ದಿನ ಚಿಪ್ಪಿನೊಳಗಿಂದ ಕೂಗು ಕೇಳಿಸುತ್ತೆ. ಮರಿಗೆ ವಾರವಾದಾಗ ಕೊಕ್ಕರೆ ರೋಗದ ಲಸಿಕೆ ಹಾಕಿಸಿ. ಇಷ್ಟು ಕಷ್ಟಪಟ್ಟ ತಾಯಿಗೆ ಅದೂ ನಮ್ಮ ಸಾಲವೇ.

ಕಳೆದ ಸಲ ಎಂಟು ಇಟ್ಟೆವು, ಆರು ಮರಿ ಆದವು. ಒಂದನ್ನು ಹದ್ದು ಒಯ್ತು. ಐದು ಈಗ ಅಂಗಳ ಕೆದಕುತ್ತಿವೆ. ಮಾರಿದ್ದರೆ ಬರುತ್ತಿದ್ದ ದುಡ್ಡಿನ ಲೆಕ್ಕ ನನಗೂ ಗೊತ್ತು.

ಈಗಲೂ ಕುಕ್ಕೆಗೆ ಕೈ ಹಾಕಿದಾಗ ಒಂದನ್ನು ಬಿಡ್ತೇನೆ. ಮೊದಲು ಅದು ನಾಳೆಯ ಮೊಟ್ಟೆಗೆ ಹಾಕಿದ ಗಾಳವಾಗಿತ್ತು. ಈಗ ಬಿಡುವಾಗ, ಆರೇಳು ಆಯಿತಾ ಅಂತ ಎಣಿಸ್ತೇನೆ. ಆಗಿದ್ದರೆ ಮುಂದೆ ಅತ್ತ ಕೈ ಹಾಕೋದಿಲ್ಲ.