ಕೆಳಗಿನ ಕೈ

ಧನುರ್ಮಾಸದ ಉಷಃಕಾಲದಲ್ಲಿ ಕೆಲಮಂಗಲದ ಸುತ್ತಣ ಬಯಲಿನ ಮೇಲೆ ಮಂಜಿಳಿದು, ಅವರೆಯ ಹೊಲ, ರಾಗಿಯ ಕಣ, ಗುಡಿಯ ಚಪ್ಪಡಿ ಎಲ್ಲವೂ ಒಂದೇ ತೇವದಲ್ಲಿ ತೊಯ್ದಿರುವಾಗ, ವರ್ಷದ ಉಳಿದ ದಿನಗಳಲ್ಲಿ ಹೊಸ್ತಿಲು ದಾಟಲು ಹಿಂಜರಿಯುವ ವೃದ್ಧರೂ ಸ್ನಾನ ಮುಗಿಸಿ ಬರಿಗಾಲಿನಲ್ಲಿ ದೇವದರ್ಶನಕ್ಕೆ ಹೊರಡುವರು. ನಮ್ಮ ಸೀಮೆಯಲ್ಲಿ ಹಿಮ ಬೀಳದು; ಆದರೆ ಕಾರ್ತಿಕದ ಮಳೆಗೆ ಕಲ್ಲನ್ನಡರಿದ ಹಾವಸೆಯು ಇಬ್ಬನಿಯಿಂದ ಮತ್ತೆ ನೆನೆದಾಗ ಮುದಿಪಾದಕ್ಕೆ ಹಿಮದಷ್ಟೇ ನಿರ್ದಯವಾದುದು. ಆ ವಯಸ್ಸಿನಲ್ಲಿ ತೊಡೆಯ ಮೂಳೆ ಮುರಿದವರಲ್ಲಿ ಅನೇಕರು ಮರಳಿ ಮೊದಲಿನಂತೆ ನಡೆಯಲಾರರೆಂಬುದನ್ನು ಬಲ್ಲವರಿಗೆ, ಅವರನ್ನು ಮನೆಯಲ್ಲೇ ಕೂಡಿಸಿಬಿಡೋಣವೆನ್ನಿಸುವುದು ಸಹಜ. ಆದರೆ ಹಾಗೆ ಕೂಡಿಸುವುದು ಧರ್ಮವೇ?

ನನ್ನ ಅಜ್ಜಿಯನ್ನು ಇಂತಹ ಹಾವಸೆಗಟ್ಟಿದ ಗುಡಿಯ ಮೆಟ್ಟಿಲುಗಳಲ್ಲಿ ಇಳಿಸುವಾಗ ನಾನು ರಟ್ಟೆ ಹಿಡಿದೊಡನೆ, “ಬಿಡಪ್ಪ, ನಾನೇ ಇಳೀತೀನಿ” ಎಂದು ಕೊಸರಿಕೊಳ್ಳುತ್ತಿದ್ದರು. ಅದನ್ನು ಮುಪ್ಪಿನ ಹಟವೆಂದೇ ಬಹುಕಾಲ ತಿಳಿದಿದ್ದೆ. ಒಂದು ಮುಂಜಾನೆ, ಏನೂ ಆಡದೆ, ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತು ಮುಂಗೈ ನೀಡಿದೆ. ಅವರು ಅದರ ಮೇಲೆ ತಮ್ಮ ಅಂಗೈಯನ್ನೂರಿ, ಪಾದವನ್ನು ಪೂರ್ತಿಯಾಗಿ ಕಲ್ಲಿಗೊತ್ತಿ, ಸಣ್ಣ ಸಣ್ಣ ಹೆಜ್ಜೆಯಿಟ್ಟು ನಿಶ್ಚಿಂತೆಯಿಂದ ಇಳಿದರು. ಹಿಡಿದೆಳೆದ ತೋಳು ದೇಹದ ತೂಕವನ್ನು ಸರಿದೂಗಿಸಲಾರದು. ತಾನಾಗಿ ಊರಿದ ಕೈಯಾದರೋ ತನಗೆ ಬೇಕಾದಷ್ಟೇ ಆಧಾರವನ್ನು, ಬೇಕಾದ ಕ್ಷಣದಲ್ಲಿ ಪಡೆಯಬಲ್ಲದು.

ಅಂದಿನಿಂದ ನನ್ನನ್ನು ಕಾಡುತ್ತಿರುವುದು ಆ ಎರಡು ಕೈಗಳ ನೆಲೆ. ದಾನದಲ್ಲಿ ಕೊಡುವವನ ಕೈ ಮೇಲಿರುವುದು, ಕೊಳ್ಳುವವನದು ಕೆಳಗೆ. ಇಲ್ಲಿ ಆಸರೆ ಕೊಟ್ಟವನ ಕೈ ಕೆಳಗಿತ್ತು. ಆಸರೆ ಪಡೆದವರ ಕೈ, ಹರಸುವ ಕೈಯಂತೆ, ಮೇಲಿತ್ತು. ಹಾಗಾದರೆ ಇದು ದಾನವಲ್ಲ. ಮನುಷ್ಯನು ದೇವಋಣ, ಋಷಿಋಣ, ಪಿತೃಋಣಗಳೊಡನೆ ಹುಟ್ಟುವನೆಂದು ತೈತ್ತಿರೀಯ ಸಂಹಿತೆಯ ಕಾಲದಿಂದಲೂ ನಂಬಿರುವ ನಾವು, ಪಿತೃಋಣವು ಸಂತಾನದಿಂದ ತೀರುವುದೆಂದು ಸಮಾಧಾನ ತಾಳುತ್ತೇವೆ. ನಮಗೆ ನಡಿಗೆ ಕಲಿಸಿದ ಕೈ ನಡುಗತೊಡಗಿದಾಗ ತೀರಿಸಬೇಕಾದ ಋಣವೂ ಅದರೊಳಗೇ ಸೇರಿದೆಯೆಂದು ನನ್ನ ದೃಢವಾದ ನಂಬಿಕೆ. ಋಣ ತೀರಿಸುವವನಿಗೆ ಪುಣ್ಯದ ಲೆಕ್ಕವಿಡುವ ಅಧಿಕಾರವಿಲ್ಲ. ಮುದುಕರನ್ನು ಗದರಿ ಮೂಲೆಯಲ್ಲಿ ಕೂಡಿಸುವ ಅಧಿಕಾರವಂತೂ ಇಲ್ಲವೇ ಇಲ್ಲ.

ಕೈಯಂತೆಯೇ ಕೋಲೂ ಒಂದು ಆಸರೆ. ಚರಕಸಂಹಿತೆಯ ಸೂತ್ರಸ್ಥಾನವು ನಿತ್ಯಾಚರಣೆಗಳ ನಡುವೆ ದಂಡಧಾರಣವನ್ನೂ ಎಣಿಸಿ, ಅದು ಎಡವುವವನನ್ನು ನಿಲ್ಲಿಸುವುದು, ಭಯವನ್ನು ಕಳೆಯುವುದು ಎನ್ನುತ್ತದೆ. ಭಯದ ಮಾತನ್ನು ಆ ಋಷಿ ಸೇರಿಸಿದುದು ಎಷ್ಟು ಯುಕ್ತ! ಒಮ್ಮೆ ಬಿದ್ದವರು ಮತ್ತೆ ಬಿದ್ದೇವೆಂಬ ಅಂಜಿಕೆಯಿಂದಲೇ ನಡಿಗೆಯನ್ನು ತೊರೆದು, ತೊರೆದುದರಿಂದಲೇ ಕಾಲಿನ ಕಸುವನ್ನು ಕಳೆದುಕೊಳ್ಳುವರು. ಕಣ್ಣಿನಿಂದ ಶುದ್ಧಪಡಿಸಿದ ನೆಲದಲ್ಲಿ ಹೆಜ್ಜೆಯಿಡಬೇಕೆಂದು ಮನುಸ್ಮೃತಿ ಯತಿಗೆ ವಿಧಿಸಿತು. ಕಣ್ಣು ಮಬ್ಬಾದವರ ಪರವಾಗಿ ಆ ನೋಟವನ್ನು ನಾವು ಮುಂಚಿತವಾಗಿ ನೋಡಿಡಬೇಡವೇ?

ಕೆನಡಾದಂತಹ ಶೀತದೇಶಗಳಲ್ಲಿ ನೆಲೆಸಿದ ನಮ್ಮವರು, ಊರಿನಿಂದ ಬಂದ ತಂದೆತಾಯಿಗಳು ಜಾರದಂತೆ, ಮನೆಯ ಮುಂದಣ ಹಿಮಗಟ್ಟಿದ ದಾರಿಗೆ ಉಪ್ಪನ್ನೆರಚುವರು. ಉಪ್ಪು ಬೆರೆತ ನೀರು ಹೆಪ್ಪುಗಟ್ಟಲು ಇನ್ನೂ ಹೆಚ್ಚಿನ ಚಳಿ ಬೇಕಾದುದರಿಂದ ಆ ಮಂಜುಗಡ್ಡೆ ಕರಗುವುದು. ಉಪ್ಪಿನ ಋಣವೆಂಬ ನಮ್ಮ ಹಳೆಯ ಮಾತು ಆ ದೂರದೇಶದಲ್ಲಿ ಹೀಗೆ ಅಕ್ಷರಶಃ ಹಿರಿಯರ ಪಾದದಡಿಯಲ್ಲಿ ಬಿದ್ದಿರುವುದನ್ನು ನೆನೆದರೆ ಮನಸ್ಸು ತುಂಬಿಬರುತ್ತದೆ. ನಮ್ಮಲ್ಲಿ ಉಪ್ಪು ಬೇಡ. ಹಿಂದಿನ ಸಂಜೆಯೇ ಗುಡಿಯ ಮೆಟ್ಟಿಲಿಗೆ ಸುಣ್ಣ ಹಾಕಿ, ತೆಂಗಿನ ನಾರಿನಿಂದ ಹಾವಸೆಯನ್ನುಜ್ಜಿ ತೆಗೆದು, ಬೆಳಗ್ಗೆ ರಂಗೋಲಿಗೆ ಬಾಗುವ ಮುನ್ನ ತೇವದ ಕಲ್ಲಿನ ಮೇಲೆ ಒಂದು ಹಿಡಿ ಒರಟು ಮರಳನ್ನು ಚೆಲ್ಲಿ, ದೀಪವೊಂದನ್ನು ಕೊನೆಯ ಮೆಟ್ಟಿಲು ಕಾಣುವಂತೆ ಇಟ್ಟರಾಯಿತು.