ಕೈತುತ್ತು ನುಂಗಲಾಗದ ಮಗು

☸️ *ಇಂದಿನ ಧಮ್ಮ ಚಿಂತನೆ*




ಸೆರೆಬ್ರಲ್ ಪಾಲ್ಸಿಯಂಥ ಮೆದುಳಿನ ತೊಂದರೆ ಇರುವ ಎಷ್ಟೋ ಮಕ್ಕಳಿಗೆ ಹಸಿವಾಗುತ್ತದೆ, ಆದರೆ ಸರಿಯಾಗಿ ನುಂಗಲು ಬರುವುದಿಲ್ಲ. ಒಂದು ಬಟ್ಟಲು ಗಂಜಿ ಕುಡಿಸಲು ತಾಯಿಗೆ ಒಂದು ಗಂಟೆ ಹಿಡಿಯುತ್ತದೆ. ಗುಟುಕು ಗುಟುಕಿಗೂ ನೆತ್ತಿಗೇರುತ್ತದೆ. ಮಗು ಸೊರಗುತ್ತದೆ, ಮತ್ತೆ ಮತ್ತೆ ನ್ಯುಮೋನಿಯಾ ಬರುತ್ತದೆ. ಕೊನೆಗೆ ಡಾಕ್ಟರು, "ಟ್ಯೂಬ್ ಮೂಲಕ ಆಹಾರ ಕೊಡೋಣ" ಎನ್ನುತ್ತಾರೆ. ಆಗ ನೆಂಟರಿಷ್ಟರ ಬಾಯಲ್ಲಿ ಎರಡು ಮಾತು ಬರುತ್ತವೆ: "ಯಾವ ಜನ್ಮದ ಕರ್ಮವೋ!" "ಹೆತ್ತ ತಾಯಿಗೆ ಒಂದು ತುತ್ತು ತಿನ್ನಿಸಲು ಆಗಲಿಲ್ಲವೇ?"

*ಮೊದಲ ಮಾತು.* ಸಂಯುತ್ತ ನಿಕಾಯದಲ್ಲಿ ಸೀವಕ ಎಂಬ ಪರಿವ್ರಾಜಕ ಬಂದು, ನಾವು ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲವೇ ಎಂದು ಕೇಳುತ್ತಾನೆ. ಭಗವಾನ್ ಬುದ್ಧರು ಹಾಗೆ ಹೇಳುವುದು ತಪ್ಪು ಎನ್ನುತ್ತಾರೆ. ಪಿತ್ತ, ಕಫ, ವಾತ, ಋತುವಿನ ಬದಲಾವಣೆ, ಪೆಟ್ಟು ಇವುಗಳಿಂದಲೂ ನೋವು ಹುಟ್ಟುತ್ತದೆ ಎಂದು ವಿವರಿಸುತ್ತಾರೆ. ಬಾಬಾಸಾಹೇಬರೂ ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಪೂರ್ವಜನ್ಮದ ಕರ್ಮದ ವಾದವನ್ನು ಒಪ್ಪಲಿಲ್ಲ. ಹೆರಿಗೆಯ ಹೊತ್ತಿಗೆ ಆಮ್ಲಜನಕದ ಕೊರತೆ, ದಿನ ತುಂಬದ ಹೆರಿಗೆ, ತೀವ್ರ ಕಾಮಾಲೆ, ಮೆದುಳಿನ ಸೋಂಕು ಇಂಥವು ಈ ಕಾಯಿಲೆಯ ಕಾರಣಗಳು. ಹಿಂದಿನ ಜನ್ಮದ ಕರ್ಮ ಎಂದು ಹೇಳಿಯೇ ನಮ್ಮ ಹಿರಿಯರನ್ನು ಊರ ಹೊರಗೆ ಇಟ್ಟರು. ಅದೇ ಮಾತನ್ನು ನಮ್ಮ ಮಗುವಿನ ತೊಟ್ಟಿಲಿಗೆ ನಾವೇ ಕಟ್ಟಬಾರದು.

*ಎರಡನೆಯ ಮಾತು.* ವಿನಯ ಪಿಟಕದಲ್ಲಿ ಭೇದಿಯಿಂದ ಬಳಲಿ ಬಿದ್ದಿದ್ದ ಭಿಕ್ಖುವನ್ನು ಬುದ್ಧರೂ ಆನಂದರೂ ತಾವೇ ತೊಳೆದು ಮಲಗಿಸಿದರು. ಅದೇ ಸಂದರ್ಭದಲ್ಲಿ ಒಳ್ಳೆಯ ಆರೈಕೆ ಮಾಡುವವರ ಐದು ಗುಣಗಳನ್ನು ಹೇಳಲಾಗಿದೆ. ಟ್ಯೂಬ್ ಹಿಡಿದು ಕೂತ ತಾಯಿಯಲ್ಲಿ ಆ ಐದೂ ಇವೆ.

1️⃣ *ಮದ್ದು ಸಿದ್ಧಪಡಿಸಬಲ್ಲವರು.* ಕೈ ತೊಳೆದು, ಡಯಟಿಷಿಯನ್ ಹೇಳಿದ ಅಳತೆಯಲ್ಲಿ ಗಂಟಿಲ್ಲದ ಹಾಗೆ ಆಹಾರ ತಯಾರಿಸುತ್ತಾಳೆ. ಕೊಟ್ಟ ಮೇಲೆ ನೀರು ಹಾಯಿಸಿ ಟ್ಯೂಬ್ ಕಟ್ಟಿಕೊಳ್ಳದಂತೆ ನೋಡುತ್ತಾಳೆ.

2️⃣ *ಪಥ್ಯ ಅಪಥ್ಯ ಬಲ್ಲವರು.* ಆಹಾರ ಶ್ವಾಸಕೋಶಕ್ಕೆ ಇಳಿಯುವಾಗ ಕೆಲವು ಮಕ್ಕಳು ಕೆಮ್ಮುವುದೂ ಇಲ್ಲ. ಅಂಥ ಮಗುವಿಗೆ ಬಾಯಿಯ ತುತ್ತೇ ಅಪಥ್ಯವಾಗಬಹುದು. ಮೂಗಿನ ಟ್ಯೂಬ್ ಸ್ವಲ್ಪ ಕಾಲಕ್ಕೆ. ಬಹುಕಾಲ ಬೇಕಾದರೆ ಹೊಟ್ಟೆಗೆ ನೇರವಾಗಿ ಟ್ಯೂಬ್ ಇಡುತ್ತಾರೆ. ದೊಡ್ಡ ಆಪರೇಷನ್ ಇಲ್ಲದೆ, ಎಂಡೋಸ್ಕೋಪ್ ಬಳಸಿ ಹೀಗೆ ಟ್ಯೂಬ್ ಇಡುವ ವಿಧಾನವನ್ನು 1979ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಡಾ. ಗಾಡರರ್ ಮತ್ತು ಡಾ. ಪೊನ್ಸ್ಕಿ ಮೊದಲು ಬಳಸಿದ್ದು ಒಂದು ಪುಟ್ಟ ಮಗುವಿಗೇ. ಇದರಲ್ಲೂ ಸೋಂಕು, ವಾಂತಿಯಂಥ ತೊಂದರೆಗಳು ಬರಬಹುದು. ಡಾಕ್ಟರನ್ನು ಎಲ್ಲ ಕೇಳಿ ತಿಳಿದು ನಿರ್ಧರಿಸುವುದೇ ಪ್ರಜ್ಞೆ.

3️⃣ *ಮೈತ್ರಿಯಿಂದ ಮಾಡುವವರು.* ಲಾಭಕ್ಕಲ್ಲ, ಹೊಗಳಿಕೆಗಲ್ಲ.

4️⃣ *ಅಸಹ್ಯಪಡದವರು.* ಜೊಲ್ಲು, ವಾಂತಿ, ಮಲ ಮೂತ್ರ ಎಲ್ಲವನ್ನೂ ಆಕೆ ದಿನವೂ ಒರೆಸುತ್ತಾಳೆ.

5️⃣ *ಮನಸ್ಸು ಅರಳಿಸುವವರು.* ಮಗುವಿನ ತಲೆ ಎದೆ ಎತ್ತರಿಸಿ, ಮನೆಯವರ ಊಟದ ಹೊತ್ತಿಗೇ ಜೊತೆಗೆ ಕೂರಿಸಿಕೊಂಡು, ಮಾತಾಡಿಸುತ್ತಾ ಉಣಿಸುತ್ತಾಳೆ. ಡಾಕ್ಟರು ಒಪ್ಪಿದರೆ ನಾಲಿಗೆಗೆ ಒಂದಿಷ್ಟು ರುಚಿಯನ್ನೂ ತೋರಿಸುತ್ತಾಳೆ.

ಆರು ವರ್ಷ ದೇಹ ದಂಡಿಸಿದ ಸಿದ್ಧಾರ್ಥರು ಸುಜಾತೆಯ ಪಾಯಸ ಸ್ವೀಕರಿಸಿದ ಮೇಲೆಯೇ ಬೋಧಿಯತ್ತ ನಡೆದರು. ಹಸಿದ ದೇಹಕ್ಕೆ ಅನ್ನ ಸೇರಬೇಕು. ಅದು ಬಾಯಿಂದ ಸೇರಿತೋ ಟ್ಯೂಬಿನಿಂದ ಸೇರಿತೋ ಎಂಬುದರಲ್ಲಿ ಮಾನ ಅವಮಾನ ಇಲ್ಲ. ಟ್ಯೂಬಿನಲ್ಲಿ ಇಳಿಯುವುದೂ ತಾಯಿಯ ಕೈತುತ್ತೇ.

*ಇಂದಿನ ಸಂಕಲ್ಪ:* ನಮ್ಮ ಬೀದಿಯಲ್ಲಿ ಇಂಥ ಮಗು ಇದ್ದರೆ ಮರುಕ ತೋರಿಸಿ ಬರುವುದಷ್ಟೇ ಸಾಲದು. ಆರೈಕೆ ಕಲಿತು, ಆ ತಾಯಿಗೆ ಎರಡು ಗಂಟೆ ನಿದ್ದೆ ಕೊಡಿಸೋಣ. ಸೆರೆಬ್ರಲ್ ಪಾಲ್ಸಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಒಂದು. ಯುಡಿಐಡಿ ಕಾರ್ಡ್, 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆ ಇವಕ್ಕೆ ಅರ್ಜಿ ತುಂಬಲು ನಮ್ಮ ಓದಿದ ಯುವಕ ಯುವತಿಯರು ಜೊತೆಗೆ ಹೋಗಲಿ. ಬಾಬಾಸಾಹೇಬರು ಕೊಡಿಸಿದ ಅಕ್ಷರಕ್ಕೆ ಇದು ಒಳ್ಳೆಯ ಕೆಲಸ.

ಎಲ್ಲ ಮಕ್ಕಳ ಹೊಟ್ಟೆ ತುಂಬಲಿ, ಎಲ್ಲ ತಾಯಂದಿರ ಮನಸ್ಸು ಹಗುರಾಗಲಿ.
ಸಾಧು, ಸಾಧು, ಸಾಧು 🙏
ಜೈ ಭೀಮ್ 💙